ಅಂಬಾಸಿಡರ್ ಕಾರಿಗೆ ಮೂಲ ರೇಡಿಯೇಟರ್

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದಕ್ಕೆ ಮೂಲ ರೇಡಿಯೇಟರ್ ಅರಸಿ ಬಂದ ಗ್ರಾಹಕರಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ವರ್ತಕ ಬಾಂಧವರು ಮೊದಲು ವಿಚಾರಿಸಬೇಕಾದುದು ಕಾರಿನ ವರ್ಷವನ್ನಲ್ಲ, ಎಂಜಿನ್ನನ್ನು. 1992ರಲ್ಲಿ ಇಸುಜು 1800 ಸಿಸಿ ಪೆಟ್ರೋಲ್ ಎಂಜಿನ್ ಬಂದ ಮೇಲೂ ಡೀಸೆಲ್ ಮಾದರಿ ಮಾರಾಟದಲ್ಲಿತ್ತು; ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರೂ ಉಂಟು.

ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಗುಜರಿ ತೂಕಕ್ಕೆ ಹಾಕುವುದು ನಷ್ಟವೇ ಸರಿ. ಸೋರುವುದು ಬಹುಪಾಲು ಕೋರ್. ಬೆಸುಗೆ ಬಿಡಿಸಿ ಅದನ್ನಷ್ಟೇ ಬದಲಿಸಿದರೆ ಮೂಲ ಟ್ಯಾಂಕ್ ಉಳಿಯುತ್ತದೆ. ಕೊಳವೆಗಳ ಸಾಲು ಕಡಿಮೆಯಿರುವ ಕೋರ್ ಅಗ್ಗವೇನೋ ಹೌದು. ನಮ್ಮ ಬೇಸಿಗೆಯಲ್ಲಿ ಎಂಜಿನ್ ಕಾದು ಗ್ರಾಹಕ ಹಿಂದಿರುಗಿಯಾನು.

ನವೀಕರಿಸಿದ ಸರಕನ್ನು ಹೊಸದೆಂದು ಬಿಂಬಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಆದ್ದರಿಂದ ಬಿಲ್ಲಿನಲ್ಲಿ ‘ಹಳೆಯ ಟ್ಯಾಂಕ್, ಹೊಸ ಕೋರ್’ ಎಂದೇ ನಮೂದಿಸತಕ್ಕದ್ದು.