ಅಣೆಕಟ್ಟೆಯ ಲೆಕ್ಕಕ್ಕೆ ಧುಮುಕುವ ಜೋಗ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ತುಂಗೆಯ ಪಾಲಿನದು ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊನ್ನಾಳಿ, ಹರಿಹರ ದಾಟಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯದು ಪಡುವಣ ದಾರಿ. ಸುಮಾರು 128 ಕಿ.ಮೀ. ಹರಿಯುವಷ್ಟರಲ್ಲಿ ಹೊನ್ನಾವರದಲ್ಲಿ ಅದಕ್ಕೆ ಕಡಲು ಸಿಗುತ್ತದೆ. ಇಷ್ಟು ಗಿಡ್ಡ ದಾರಿಯಲ್ಲಿ ಘಟ್ಟವನ್ನೆಲ್ಲ ಇಳಿಯಬೇಕಾದ ಈ ನದಿ, ಸಾಗರ ತಾಲ್ಲೂಕಿನ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕುತ್ತದೆ.

ಇಲ್ಲಿನ ಬಂಡೆ ಬಹು ಪುರಾತನ, ಬಹು ಗಟ್ಟಿ. ಆದರೂ ಬಿರುಕುಗಳಲ್ಲಿ ನುಗ್ಗಿದ ನೀರು ಚೂರುಚೂರಾಗಿ ಕಲ್ಲನ್ನು ಕಿತ್ತುಹಾಕುತ್ತ ಬಂದಿದೆ. ಅಂಚು ಕುಸಿದಂತೆಲ್ಲ ಜಲಪಾತ ಹಿಂದೆ ಸರಿಯುತ್ತದೆ; ಅದು ಬಿಟ್ಟುಹೋದ ಜಾಗವೇ ಕೆಳಗಿನ ಕಮರಿ. ಅಂಚು ಒಂದೇ ಸಮನಾಗಿಲ್ಲದ ಕಾರಣ ನದಿ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲಾಗಿ ಬೀಳುತ್ತದೆ. ರಾಣಿಯನ್ನು ಬ್ರಿಟಿಷರು ‘ಶ್ವೇತವನಿತೆ’ ಎಂಬರ್ಥದ ಫ್ರೆಂಚ್ ಹೆಸರಿನಿಂದಲೂ ಕರೆಯುತ್ತಿದ್ದರು.

ಆ ಕಾಲದ ಬರಹಗಳಲ್ಲಿ ಇದು ಗೇರುಸೊಪ್ಪೆ ಜಲಪಾತ. ಜೋಗಕ್ಕೆ ಆಗ ಕಡಲ ಕಡೆಯಿಂದ ದಾರಿ ಇತ್ತು: ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಮೇಲಕ್ಕೆ. 1856ರಲ್ಲಿ ಇಬ್ಬರು ನೌಕಾಪಡೆಯ ಅಧಿಕಾರಿಗಳು ಕಮರಿಯ ಅಡ್ಡಕ್ಕೆ ಹಗ್ಗ ಬಿಗಿದು, ತೊಟ್ಟಿಲಿನಲ್ಲಿ ತೂಗಿಕೊಂಡು ಅದರ ಆಳ ಅಳೆದರು. ಅವರಿಗೆ ಸಿಕ್ಕ 830 ಅಡಿಯ ಲೆಕ್ಕವೇ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ನದಿಯ ಒಂದು ದಡ ಮುಂಬಯಿಯದು, ಇನ್ನೊಂದು ಮೈಸೂರಿನದು. ಎರಡೂ ಸರ್ಕಾರಗಳು ತಮ್ಮ ತಮ್ಮ ದಡದಲ್ಲಿ ಪ್ರವಾಸಿ ಬಂಗಲೆ ಕಟ್ಟಿದವು. ನಾಲ್ಕೂ ಕವಲು ಒಟ್ಟಿಗೆ ಕಾಣುವುದು ಮೈಸೂರಿನ ಕಡೆಯಿಂದ. ನೋಟದ ಮಟ್ಟಿಗೆ ಮೈಸೂರಿನವರೇ ಗೆದ್ದರು.

ನೋಡುವ ಜಾಗವಾಗಿದ್ದ ಜೋಗ ದುಡಿಯುವ ಜಾಗವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1939ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಜಲವಿದ್ಯುತ್ ಕಾಮಗಾರಿ ಆರಂಭಿಸಿತು. ಮೇಲೆ ಹಿರೇಭಾಸ್ಕರ ಅಣೆಕಟ್ಟೆ ಎದ್ದಿತು. ನೀರು ಹೆಚ್ಚಾದಾಗ ತಾನೇ ಹೀರಿ ಹೊರಬಿಡುವ ಸೈಫನ್‌ಗಳು ಅದರ ವಿಶೇಷ. ವಿನ್ಯಾಸ ಎಂಜಿನಿಯರ್ ಗಣೇಶ ಅಯ್ಯರ್ ಅವರದು. 1948ರಲ್ಲಿ ವಿದ್ಯುತ್ ಹರಿಯಿತು. ಅರಸು ಕೃಷ್ಣರಾಜೇಂದ್ರರ ಹೆಸರಿನಲ್ಲಿ ಮೊದಲಾದ 120 ಮೆಗಾವಾಟ್‌ನ ಯೋಜನೆ ಮುಂದೆ ಮಹಾತ್ಮ ಗಾಂಧಿ ಜಲವಿದ್ಯುದಾಗಾರವಾಯಿತು.

ಅಷ್ಟಕ್ಕೆ ತೃಪ್ತಿಯಾಗಲಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯ 151 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ. ಹಿರೇಭಾಸ್ಕರವೇ ಅದರೊಳಗೆ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಮಾತ್ರ ತಲೆ ಎತ್ತುತ್ತದೆ. ಹಳ್ಳಿಗಳು, ಗದ್ದೆ, ತೋಟಗಳೂ ಮುಳುಗಿದವು. ಸಂತ್ರಸ್ತರ ಭೂಮಿ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿ ಬಗೆಹರಿಯದಿರುವುದು ನಾಚಿಕೆಯ ಸಂಗತಿ. ಇಲ್ಲಿ ಸಂಗ್ರಹವಾದ ನೀರು ತಳಕಳಲೆ ಜಲಾಶಯದ ಮೂಲಕ 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಕೊಳವೆಗಳಲ್ಲಿ ಇಳಿಯುತ್ತದೆ, ಜಲಪಾತದ ಅಂಚಿಗೆ ಬಾರದೆ.

ಹೀಗಾಗಿ ಈಗ ಜೋಗ ಕಾಣುವುದು ಮಳೆ ಮತ್ತು ಅಣೆಕಟ್ಟೆ ಎರಡರ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಬಂಡೆಯ ಮೇಲೆ ಬಿಳಿ ಗೆರೆಗಳಷ್ಟೇ. ಜೂನ್ ದಾಟಿದ ಮೇಲೆ ಅಣೆಕಟ್ಟೆಯ ಕೆಳಗಿನ ಕಾಡಿನ ಹಳ್ಳಗಳು ತುಂಬಿ ಜಲಪಾತಕ್ಕೆ ಮೈ ಬರುತ್ತದೆ. ಆದರೆ ಜಡಿಮಳೆಯ ದಿನ ಮಂಜು ಮುಸುಕಿ, ಗಂಟೆಗಟ್ಟಲೆ ಬರೀ ಸದ್ದು ಕೇಳಿಸಿಕೊಂಡು ಹಿಂದಿರುಗುವವರೂ ಉಂಟು. ಮಳೆ ತಗ್ಗಿದ ಸೆಪ್ಟೆಂಬರ್, ಅಕ್ಟೋಬರ್ ಕಣ್ಣಿಗೆ ಹೆಚ್ಚು ಅನುಕೂಲ. ಕಮರಿಯ ತಳಕ್ಕೆ ಸುಮಾರು 1400 ಮೆಟ್ಟಿಲುಗಳಿವೆ. ಇಳಿಯುವುದು ಸಲೀಸು, ಹತ್ತುವಾಗ ಮೊಣಕಾಲಿನ ಪರೀಕ್ಷೆ. ಪಾಚಿ ಕಟ್ಟಿದ ಮಳೆಗಾಲದಲ್ಲಿ ಆ ದಾರಿ ಅಪಾಯಕಾರಿ.

ಮೂಗೂರು ಮಲ್ಲಪ್ಪನವರ ಜೋಗದ ಗೀತೆಯನ್ನು 1992ರ ‘ಜೀವನ ಚೈತ್ರ’ ಚಿತ್ರದಲ್ಲಿ ಡಾ. ರಾಜಕುಮಾರ್ ಹಾಡಿದ ಮೇಲೆ, ಜೋಗ ನೋಡದವರೂ ಅದರ ಬಗ್ಗೆ ಮಾತಾಡುವಂತಾಯಿತು. ನೋಡಲು ಹೊರಡುವ ಹರಿಹರ, ದಾವಣಗೆರೆ ಕಡೆಯವರಿಗೆ ಹೊನ್ನಾಳಿ, ಶಿವಮೊಗ್ಗ, ಸಾಗರದ ಮೇಲೆ ದಾರಿ. ಸುತ್ತಲ ಕಾಡಿನ ದೊಡ್ಡ ಪಾಲು 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವಾಯಿತು. 2019ರಲ್ಲಿ ವಿಸ್ತರಿಸಿ ಅದಕ್ಕೆ ಸಿಂಗಳೀಕದ ಹೆಸರನ್ನೂ ಸೇರಿಸಲಾಯಿತು. ಅದೇ ಕಾಡಿನಲ್ಲಿ ಈಗ ನೀರನ್ನು ಮೇಲೆತ್ತಿ ಮತ್ತೆ ಇಳಿಸುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದು, ಪರಿಸರಾಸಕ್ತರ ವಿರೋಧ ಎದುರಿಸುತ್ತಿದೆ.

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಆ ಮಟ್ಟ ಹತ್ತಿರವಾದಾಗ ಕೆಳಪಾತ್ರದ ಜನರಿಗೆ ಎಚ್ಚರಿಕೆ ಕೊಟ್ಟು ಗೇಟುಗಳನ್ನು ಎತ್ತುತ್ತಾರೆ. ನಾಲ್ಕು ಕವಲುಗಳು ಒಂದಾಗುವಷ್ಟು ನೀರು ಬರುವುದು ಆಗಲೇ. ಎಲ್ಲ ವರ್ಷವೂ ಆ ಭಾಗ್ಯವಿಲ್ಲ.