ಮನೆ ಭೋಗ್ಯ

ಮನೆ ಭೋಗ್ಯವು ತಿಂಗಳ ಬಾಡಿಗೆಗೆ ಬದಲಾಗಿ ದೊಡ್ಡ ಮೊತ್ತವೊಂದನ್ನು ಒಮ್ಮೆಗೇ ಮನೆಯ ಮಾಲೀಕನಿಗೆ ಕೊಟ್ಟು, ಅವಧಿ ಮುಗಿಯುವವರೆಗೆ ಬಾಡಿಗೆಯಿಲ್ಲದೆ ವಾಸಿಸಿ, ಮನೆ ಬಿಡುವಾಗ ಆ ಮೊತ್ತವನ್ನು ಬಡ್ಡಿಯಿಲ್ಲದೆ ಹಿಂಪಡೆಯುವ ವ್ಯವಸ್ಥೆ. ಬೆಂಗಳೂರು, ಮೈಸೂರು ಮೊದಲಾದ ನಗರಗಳಲ್ಲಿ ಇದು ರೂಢಿಯಲ್ಲಿದ್ದು, ಆಡುಮಾತಿನಲ್ಲಿ ‘ಲೀಸ್’ ಎಂದೂ ಕರೆಯಲ್ಪಡುತ್ತದೆ. ಅವಧಿಯು ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷ. ಮಾಲೀಕನ ಪಾಲಿಗೆ ಇದು ಸಾಲ. ವಾಸಿಸುವವನ ಪಾಲಿಗೆ ಹೂಡಿಕೆ. ಆದರೆ ಇದನ್ನು ಬಾಡಿಗೆಯ ಒಂದು ಬಗೆಯೆಂದಷ್ಟೇ ತಿಳಿಯುವವರೇ ಹೆಚ್ಚು. ಹೀಗಾಗಿ ಸಾಲ ಕೊಡುವವನು ವಹಿಸಬೇಕಾದ ಎಚ್ಚರವನ್ನು ಭೋಗ್ಯದಾರರು ವಹಿಸದೆ, ಜೀವಮಾನದ ಉಳಿತಾಯವನ್ನೇ ಅಪಾಯಕ್ಕೆ ಒಡ್ಡುವುದುಂಟು.

ಹಿನ್ನೆಲೆ

ಒತ್ತೆಯಿಟ್ಟ ವಸ್ತುವಿಗೆ ಧರ್ಮಶಾಸ್ತ್ರಗಳಲ್ಲಿ ‘ಆಧಿ’ ಎಂದು ಹೆಸರು. ಸಾಲ ಕೊಟ್ಟವನು ಕೇವಲ ಕಾಪಾಡಬೇಕಾದುದು ಗೋಪ್ಯ. ಅದರ ಫಲವನ್ನು ಅನುಭವಿಸಬಹುದಾದುದು ಭೋಗ್ಯ. ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಫಲಭೋಗ್ಯವಾದ ಆಧಿಯ ಮೇಲೆ ಒಡೆಯನ ಹಕ್ಕು ಕಾಲ ಕಳೆದ ಮಾತ್ರಕ್ಕೆ ನಷ್ಟವಾಗುವುದಿಲ್ಲ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. 2014ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಸಿಂಗ್ ರಾಮ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದೇ ನಿಲುವಿಗೆ ಬಂದಿತು: ಭೋಗ್ಯದ ಅಡಮಾನ ಮಾಡಿದ ದಿನದಿಂದ ಮೂವತ್ತು ವರ್ಷ ಕಳೆದುದರಿಂದಲೇ ಆಸ್ತಿಯನ್ನು ಬಿಡಿಸಿಕೊಳ್ಳುವ ಒಡೆಯನ ಹಕ್ಕು ಹೋಗುವುದಿಲ್ಲ.

ಲೆಕ್ಕಾಚಾರ

ತಿಂಗಳಿಗೆ 10,000 ರೂಪಾಯಿ ಬಾಡಿಗೆ ಬರಬಹುದಾದ ಮನೆಯನ್ನು 10 ಲಕ್ಷ ರೂಪಾಯಿಗೆ ಭೋಗ್ಯಕ್ಕೆ ಕೊಡಲಾಗಿದೆ ಎಂದು ಭಾವಿಸಬಹುದು. ಅದೇ ಹಣವನ್ನು ಶೇಕಡಾ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರೆ ಭೋಗ್ಯದಾರನಿಗೆ ವರ್ಷಕ್ಕೆ 70,000 ರೂಪಾಯಿ ಬರುತ್ತಿತ್ತು. ಭೋಗ್ಯದಿಂದ ಅವನಿಗೆ ಉಳಿಯುವ ಬಾಡಿಗೆ 1,20,000 ರೂಪಾಯಿ. ಅಂದರೆ ವರ್ಷಕ್ಕೆ 50,000 ರೂಪಾಯಿ ಲಾಭ. (ಬಾಡಿಗೆ ಮನೆಗೂ ಮುಂಗಡ ಕೊಡಬೇಕಾಗುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.)

ಇದೇ ಲೆಕ್ಕವನ್ನು ಮಾಲೀಕನ ಕಡೆಯಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಅವನು 10 ಲಕ್ಷಕ್ಕಾಗಿ ವರ್ಷಕ್ಕೆ 1,20,000 ರೂಪಾಯಿಯ ಬಾಡಿಗೆಯನ್ನು ಬಿಟ್ಟುಕೊಡುತ್ತಿದ್ದಾನೆ. ಇದು ಶೇಕಡಾ 12ರ ಬಡ್ಡಿಗೆ ಸಮ. ಬ್ಯಾಂಕಿನಲ್ಲಿ ಇದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಸಿಗುವಾಗ ಅವನು ಭೋಗ್ಯವನ್ನೇ ಏಕೆ ಆರಿಸಿದ ಎಂಬುದು ಕೇಳಲೇಬೇಕಾದ ಪ್ರಶ್ನೆ. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಮೇಲಂತಸ್ತಿನ ನಿರ್ಮಾಣದಂತಹ ಸರಳ ಕಾರಣಗಳಿರಬಹುದು. ಮನೆಯ ದಾಖಲೆಗಳು ಬ್ಯಾಂಕು ಒಪ್ಪುವಂತಿಲ್ಲದಿರಬಹುದು. ಆ ಮನೆಯ ಮೇಲೆ ಈಗಾಗಲೇ ಸಾಲವಿರಲೂಬಹುದು. ಬಾಡಿಗೆಗಿಂತ ಭೋಗ್ಯವು ತೀರ ಅಗ್ಗವಾಗಿ ಕಂಡಷ್ಟೂ ಈ ವಿಚಾರಣೆ ಹೆಚ್ಚು ಅಗತ್ಯ.

ಕೆಲವು ಹೂಡಿಕೆದಾರರು ಒಂದು ಕಟ್ಟಡದ ಮನೆಗಳನ್ನೆಲ್ಲ ಭೋಗ್ಯಕ್ಕೆ ಕೊಟ್ಟು, ಬಂದ ಹಣದಿಂದ ಇನ್ನೊಂದು ಕಟ್ಟಡವನ್ನು ಕಟ್ಟುತ್ತಾರೆ. ಹಳೆಯ ಭೋಗ್ಯದಾರನ ಹಣ ಹಿಂದಿರುಗುವುದು ಹೊಸಬನು ಬಂದಾಗಲೇ. ಹೊಸಬನು ಸಿಗುವುದು ತಡವಾದರೆ ಹಳಬನು ಕಾಯಬೇಕಾಗುತ್ತದೆ.

ಕಾನೂನಿನ ಸ್ಥಾನ

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58(ಡಿ) ಪ್ರಕರಣವು ಭೋಗ್ಯದ ಅಡಮಾನವನ್ನು ವಿವರಿಸುತ್ತದೆ. ಇದರಲ್ಲಿ ಹಣ ಮರಳುವವರೆಗೆ ಸ್ವಾಧೀನವನ್ನು ಉಳಿಸಿಕೊಳ್ಳುವ ಹಕ್ಕು ಹಣ ಕೊಟ್ಟವನಿಗಿದೆ. ಇಂತಹ ಅಡಮಾನದ ಮೊತ್ತ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪತ್ರವು ನೋಂದಣಿಯಾಗಬೇಕು ಮತ್ತು ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೂ ನೋಂದಣಿ ಕಡ್ಡಾಯ.

ರೂಢಿಯಲ್ಲಿ ನಡೆಯುವುದೇ ಬೇರೆ. ಮುದ್ರಾಂಕ ಶುಲ್ಕದ ಹೊರೆಯನ್ನು ತಪ್ಪಿಸಲು ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರನ್ನು ಬರೆದು, ನೋಟರಿಯ ಮುದ್ರೆ ಹಾಕಿಸಿ, ಮುಂದೆ ನವೀಕರಿಸುತ್ತ ಹೋಗುತ್ತಾರೆ. ನೋಟರಿಯ ಮುದ್ರೆಯು ನೋಂದಣಿಗೆ ಸಮವಲ್ಲ. ಮಾಲೀಕನು ಮನೆಯನ್ನು ಮಾರಿದಾಗ ಅಥವಾ ವ್ಯಾಜ್ಯ ಉಂಟಾದಾಗ ಈ ವ್ಯತ್ಯಾಸವು ಗೋಚರವಾಗುತ್ತದೆ. ಹತ್ತು ಲಕ್ಷದ ರಕ್ಷಣೆಗಾಗಿ ಶುಲ್ಕ ತೆರಲು ಹಿಂಜರಿಯುವುದು ಜಾಣತನವೆನಿಸದು.

ಬ್ಯಾಂಕಿನ ಸಾಲವಿರುವ ಮನೆ

ಭೋಗ್ಯದಲ್ಲಿ ಅತಿ ಹೆಚ್ಚಿನ ಹಾನಿ ಸಂಭವಿಸುವುದು ಇಲ್ಲಿ. ಮಾಲೀಕನು ಸಾಲದ ಕಂತು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು 60 ದಿನಗಳ ನೋಟಿಸು ನೀಡಿ, ನಂತರ ಮನೆಯನ್ನು ಸ್ವಾಧೀನಕ್ಕೆ ಪಡೆದು ಹರಾಜು ಹಾಕಬಹುದು. ಅಡಮಾನದಲ್ಲಿರುವ ಮನೆಯನ್ನು ಮಾಲೀಕನು ಗುತ್ತಿಗೆಗೆ ಕೊಡುವುದಕ್ಕೆ ಸ್ವತ್ತು ವರ್ಗಾವಣೆ ಅಧಿನಿಯಮದ 65ಎ ಪ್ರಕರಣವು ಷರತ್ತುಗಳನ್ನು ವಿಧಿಸಿದೆ: ನ್ಯಾಯವಾಗಿ ಸಿಗಬಹುದಾದ ಬಾಡಿಗೆಯನ್ನು ಗೊತ್ತುಪಡಿಸಿರಬೇಕು, ಇಡುಗಂಟಿನ ಪ್ರತಿಫಲವನ್ನಾಗಲಿ ಮುಂಗಡ ಬಾಡಿಗೆಯನ್ನಾಗಲಿ ಪಡೆದಿರಬಾರದು. ಬಾಡಿಗೆಯೇ ಇಲ್ಲದೆ ದೊಡ್ಡ ಮೊತ್ತವನ್ನು ಮೊದಲೇ ಪಡೆಯುವ ಭೋಗ್ಯವು ಈ ಷರತ್ತುಗಳಿಗೆ ಹೊಂದುವುದು ಕಷ್ಟ. ಆದುದರಿಂದ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ, ಸಾಲದ ನಂತರ ಮಾಡಿಕೊಂಡ ಭೋಗ್ಯವನ್ನು ಬ್ಯಾಂಕಿನ ಎದುರು ಉಳಿಸಿಕೊಳ್ಳುವುದು ದುಸ್ತರ. ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುವ ಅವಕಾಶವನ್ನು 2016ರ ತಿದ್ದುಪಡಿಯು ಕಲ್ಪಿಸಿದೆ. ಆದರೆ ಅಲ್ಲಿಯೂ ನೋಂದಣಿಯಿಲ್ಲದ ಕರಾರಿಗೆ ಬಲ ಕಡಿಮೆ. ಅಂತಹ ಕರಾರಿನ ಆಧಾರದಿಂದ ಒಂದು ವರ್ಷಕ್ಕೆ ಮೀರಿದ ಹಕ್ಕನ್ನು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ.

ಹಣ ಕೊಡುವ ಮುನ್ನ

ಉಪನೋಂದಣಿ ಕಚೇರಿಯಿಂದ ಅಥವಾ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇ.ಸಿ.ಯನ್ನು, ಪಡೆಯಬಹುದು. ಇದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಒಪ್ಪಿಸಿ ಪಡೆದ ಸಾಲವು ಇದರಲ್ಲಿ ಕಾಣಿಸದಿರಬಹುದು. ಆದ್ದರಿಂದ ಮೂಲ ಕ್ರಯಪತ್ರವನ್ನೇ ನೋಡಬೇಕು. ಮಾಲೀಕನು ಜೆರಾಕ್ಸ್ ಪ್ರತಿಯನ್ನಷ್ಟೇ ತೋರಿಸಿದರೆ ಮೂಲವು ಎಲ್ಲಿದೆ ಎಂದು ಕೇಳಲು ಸಂಕೋಚಪಡಬಾರದು. ಬ್ಯಾಂಕುಗಳ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ಸಂಸ್ಥೆಯ ಜಾಲತಾಣದಲ್ಲಿಯೂ ಶುಲ್ಕ ಕೊಟ್ಟು ಹುಡುಕಬಹುದು.

ಮಧ್ಯವರ್ತಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಾಲೀಕನಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಮೂರನೆಯವರಿಗೆ ಭೋಗ್ಯಕ್ಕೆ ಕೊಟ್ಟು, ಕೆಲವು ತಿಂಗಳ ನಂತರ ಬಾಡಿಗೆ ನಿಲ್ಲಿಸುವ ವಂಚನೆಗಳು ನಡೆದಿವೆ. ಆಗ ಮಾಲೀಕನು ಬಾಡಿಗೆ ಕೇಳುತ್ತಾನೆ, ಭೋಗ್ಯದಾರನು ಕರಾರು ತೋರಿಸುತ್ತಾನೆ. ಹಣ ಇಬ್ಬರ ಬಳಿಯೂ ಇರುವುದಿಲ್ಲ. ಇ.ಸಿ.ಯಲ್ಲಿ ಹೆಸರಿರುವ ಮಾಲೀಕನನ್ನೇ ಕಂಡು, ಅವನ ಖಾತೆಗೇ ಹಣ ಜಮೆ ಮಾಡುವುದು ಕ್ಷೇಮ. ಆದಾಯ ತೆರಿಗೆ ಕಾನೂನಿನಂತೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನಾಗಲಿ ಠೇವಣಿಯನ್ನಾಗಲಿ ನಗದಾಗಿ ಸ್ವೀಕರಿಸುವಂತಿಲ್ಲ.

ಇತರ ದೇಶಗಳಲ್ಲಿ

ದಕ್ಷಿಣ ಕೊರಿಯಾದ ‘ಜೋನ್ಸೆ’ ಪದ್ಧತಿಯು ಬೆಂಗಳೂರಿನ ಭೋಗ್ಯವನ್ನು ಬಹುಮಟ್ಟಿಗೆ ಹೋಲುತ್ತದೆ. ಅಲ್ಲಿ ಭೋಗ್ಯದ ಹಣವನ್ನೇ ಮುಖ್ಯ ಬಂಡವಾಳವಾಗಿಸಿ ಮನೆಯ ಮೇಲೆ ಮನೆ ಕೊಂಡ ಹೂಡಿಕೆದಾರರು ಬೆಲೆ ಕುಸಿದಾಗ ಹಣ ಹಿಂದಿರುಗಿಸಲಾರದೆ ಹೋದರು. ವಂಚಿತರ ನೆರವಿಗಾಗಿ 2023ರ ಜೂನ್ 1ರಿಂದ ವಿಶೇಷ ಕಾನೂನೊಂದು ಜಾರಿಗೆ ಬಂದಿತು. ಬೊಲಿವಿಯಾದಲ್ಲಿಯೂ ಇಂತಹ ಪದ್ಧತಿಯಿದೆ.

ಮನೆ ಬಿಡುವಾಗ

ಸುಣ್ಣಬಣ್ಣ ಹಾಗೂ ದುರಸ್ತಿಗಾಗಿ ಎಷ್ಟು ಹಣ ಮುರಿದುಕೊಳ್ಳಬೇಕು, ಬಿಡುವ ಮುನ್ನ ಎಷ್ಟು ತಿಂಗಳ ನೋಟಿಸು ಕೊಡಬೇಕು, ಹಣ ತಡವಾದರೆ ಬಡ್ಡಿ ಎಷ್ಟು ಎಂಬುದನ್ನು ಕರಾರಿನಲ್ಲಿಯೇ ಬರೆಸಿರಬೇಕು. ವಿದ್ಯುತ್ ಮತ್ತು ನೀರಿನ ಬಿಲ್ಲುಗಳು ಭೋಗ್ಯದಾರನ ಹೊಣೆ, ಆಸ್ತಿ ತೆರಿಗೆ ಮಾಲೀಕನ ಹೊಣೆ ಎಂಬುದು ಸಾಮಾನ್ಯ ರೂಢಿ. ಹೊಸ ಭೋಗ್ಯದಾರ ಬಂದ ಮೇಲೆ ಹಣ ಕೊಡುವುದಾಗಿ ಹೇಳಿ, ಮೊದಲೇ ಮನೆ ಖಾಲಿ ಮಾಡಿಸುವ ಮಾಲೀಕರಿದ್ದಾರೆ. ಹಣವು ಖಾತೆಗೆ ಜಮೆಯಾದ ದಿನವೇ ಬೀಗದ ಕೈ ಒಪ್ಪಿಸುವುದು ಮತ್ತು ನೋಂದಾಯಿತ ಪತ್ರವಿದ್ದರೆ ಅದರ ಖುಲಾಸೆಯನ್ನೂ ನೋಂದಾಯಿಸುವುದು ಸರಿಯಾದ ಕ್ರಮ.