ಅರಸೀಕೆರೆಯ ವೇಗದ ಬೋಲರ್

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನಾಲ್ಕು ಮಂದಿ ಕನ್ನಡಿಗರು ಕಲೆತು ಕ್ರಿಕೆಟ್ಟಿನ ಮಾತೆತ್ತಿದರೆ ಸಾಕು. ಕುಂಬ್ಳೆ, ದ್ರಾವಿಡ್, ಶ್ರೀನಾಥ್, ಪ್ರಸಾದ್ ಎಂದು ಹೆಸರುಗಳು ಸಾಲಾಗಿ ಬರುತ್ತವೆ. ಅದೇ ಸಾಲಿನಲ್ಲಿ ಒಮ್ಮೆ ನಿಂತಿದ್ದ ಡೇವಿಡ್ ಜಾನ್ಸನ್ನರ ಹೆಸರು ಹೇಳಿ ನೋಡಿ. "ಯಾರು, ಆಸ್ಟ್ರೇಲಿಯದವನೇ?" ಎನ್ನುವವರೇ ಹೆಚ್ಚು. ಅಲ್ಲ ಸ್ವಾಮಿ, ಅರಸೀಕೆರೆಯವರು! ಊರಿಗೆ ಹೋಗುವಾಗ ನಮ್ಮಲ್ಲಿ ಎಷ್ಟೋ ಮಂದಿ ನಡುರಾತ್ರಿ ಗಂಟುಮೂಟೆ ಇಳಿಸಿಕೊಂಡು ರೈಲು ಬದಲಿಸುವ ಅದೇ ಅರಸೀಕೆರೆ.

ಜಾನ್ಸನ್ ಹುಟ್ಟಿದ್ದು 1971ರ ಅಕ್ಟೋಬರ್ 16ರಂದು. 1995-96ರಲ್ಲಿ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂದ ವರ್ಷವೇ ಅವರು ಕೇರಳದ ಮೇಲೆ ಒಂದೇ ಪಂದ್ಯದಲ್ಲಿ 152 ರನ್ನಿಗೆ 10 ವಿಕೆಟ್ಟು ಕಿತ್ತರು. ಬೇರೆ ಕಾಲವಾಗಿದ್ದರೆ ಇಷ್ಟು ಸಾಕಾಗುತ್ತಿತ್ತೇನೋ. ಆದರೆ ಭಾರತದ ಹೊಸ ಚೆಂಡು ಆಗ ಶ್ರೀನಾಥ್ ಮತ್ತು ಪ್ರಸಾದರ ಕೈಯಲ್ಲಿತ್ತು, ಇಬ್ಬರೂ ಕರ್ನಾಟಕದವರೇ. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಇದ್ದ ಹುದ್ದೆ ಎರಡು, ಎರಡರಲ್ಲೂ ಕಾಯಂ ನೌಕರರು. ಮೂರನೆಯವನಿಗೆ ಯಾರಾದರೂ ರಜೆ ಹಾಕಿದರೆ ಮಾತ್ರ ಹಂಗಾಮಿ ನೇಮಕ.

ಆ ರಜೆ 1996ರ ಅಕ್ಟೋಬರಿನಲ್ಲಿ ಬಂತು. ಶ್ರೀನಾಥರಿಗೆ ಗಾಯವಾಗಿ, ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಆಸ್ಟ್ರೇಲಿಯದ ಎದುರು ಜಾನ್ಸನ್ ಕಣಕ್ಕಿಳಿದರು. ಬಾರ್ಡರ್-ಗಾವಸ್ಕರ್ ಟ್ರೋಫಿಯ ಮೊಟ್ಟಮೊದಲ ಪಂದ್ಯ ಅದು. ಕುಂಬ್ಳೆ, ದ್ರಾವಿಡ್, ಪ್ರಸಾದ್, ಸುನಿಲ್ ಜೋಶಿ, ಜಾನ್ಸನ್ ಹೀಗೆ ಹನ್ನೊಂದರಲ್ಲಿ ಐವರು ಕರ್ನಾಟಕದವರು! ಜಾನ್ಸನ್ನರ ಚೆಂಡಿಗೆ ಮೈಕೇಲ್ ಸ್ಲೇಟರ್ ದಾಂಡು ತಾಗಿಸಿದರು. ಸ್ಲಿಪ್ಪಿನಲ್ಲಿ ಅಜರುದ್ದೀನ್ ಹಾರಿ ಹಿಡಿದರು. ಅಲ್ಲಿ ಅವರ ಚೆಂಡು ಗಂಟೆಗೆ 157 ಕಿಲೋಮೀಟರು ಮುಟ್ಟಿತೆಂದು ಹೇಳುವುದುಂಟು. ಅಂದಿನ ಅಳತೆಯನ್ನು ನಾನು ಪೂರ್ತಿ ನಂಬಲಾರೆ. ಆದರೂ ವೇಗ ಇತ್ತೆಂಬುದರಲ್ಲಿ ತಕರಾರಿಲ್ಲ. ಭಾರತ 7 ವಿಕೆಟ್ಟಿನಿಂದ ಗೆದ್ದಿತು. ಮೂರು ದಿನ ಕಳೆದರೆ ಜಾನ್ಸನ್ನರಿಗೆ ಇಪ್ಪತ್ತೈದು ತುಂಬಿತು.

ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕ. ಡರ್ಬನ್ನಿನಲ್ಲಿ ಶ್ರೀನಾಥ್, ಪ್ರಸಾದರ ಜೊತೆಗೆ ಮೂರನೆಯವರಾಗಿ ಆಡಿ ಗಿಬ್ಸ್ ಮತ್ತು ಮ್ಯಾಕ್‌ಮಿಲನ್ ವಿಕೆಟ್ಟು ಪಡೆದರು. ನಮ್ಮ ದಾಂಡಿಗರದು ಮಾತ್ರ ಹೇಳತೀರದ ಪಾಡು: 100, ಮತ್ತೆ 66. ಮೂರೇ ದಿನದಲ್ಲಿ 328 ರನ್ನುಗಳ ಸೋಲು. ಮುಂದಿನ ಕೇಪ್‌ಟೌನ್ ಪಂದ್ಯಕ್ಕೆ ಜಾನ್ಸನ್ನರ ಜಾಗದಲ್ಲಿ ಬಂದವರು ದೊಡ್ಡ ಗಣೇಶ್. ಅವರೂ ಕರ್ನಾಟಕದವರೇ! ಗಣೇಶರಿಗೂ ನಾಲ್ಕು ಟೆಸ್ಟಿಗಿಂತ ಹೆಚ್ಚು ದಕ್ಕಲಿಲ್ಲ.

ಅಲ್ಲಿಗೆ ಮುಗಿಯಿತು. ಎರಡು ಟೆಸ್ಟು, 40 ಓವರು, 143 ರನ್ನಿಗೆ 3 ವಿಕೆಟ್ಟು. ದಾಂಡಿಗರು 66ಕ್ಕೆ ಉರುಳಿದ ಪಂದ್ಯದ ಬಳಿಕ ಬೋಲರನ್ನು ಕೈಬಿಟ್ಟ ನ್ಯಾಯ ನನಗಂತೂ ತಿಳಿಯದು. ನಲವತ್ತು ಓವರಿನಲ್ಲಿ ಒಬ್ಬ ಬೋಲರನನ್ನು ಅಳೆಯುವುದೆಂದರೆ, ಮೂರು ತಿಂಗಳ ಹಂಗಾಮಿ ನೌಕರನಿಗೆ ಜೀವಮಾನದ ಗೋಪ್ಯ ವರದಿ ಬರೆದಂತೆ. ಜಾನ್ಸನ್ ಮಾತ್ರ ಮುಂದೆಯೂ ಹಲವು ವರ್ಷ ಕರ್ನಾಟಕಕ್ಕೆ ಆಡಿದರು. ಪ್ರಥಮ ದರ್ಜೆಯ 39 ಪಂದ್ಯಗಳಲ್ಲಿ 125 ವಿಕೆಟ್ಟು ತೆಗೆದರು. ದಾಂಡು ಹಿಡಿದು ಒಂದು ಶತಕವನ್ನೂ ಹೊಡೆದರು.

2024ರ ಜೂನ್ 20ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ವಯಸ್ಸು ಐವತ್ತೆರಡು. ಅದೇ ದಿನ ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ಪಿನ ಪಂದ್ಯ ಆಡಲಿಳಿದ ಭಾರತದ ಆಟಗಾರರು ಜಾನ್ಸನ್ನರ ನೆನಪಿಗೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದರು. ಅವರಲ್ಲಿ ಕೆಲವರು, ಕೋಟ್ಲಾದಲ್ಲಿ ಸ್ಲೇಟರ್ ಔಟಾದಾಗ ಹುಟ್ಟಿಯೇ ಇರಲಿಲ್ಲ. ತಂಡದ ತರಬೇತುದಾರರಾಗಿದ್ದ ದ್ರಾವಿಡ್ ಮಾತ್ರ ಆ ದಿನ ಅದೇ ಹನ್ನೊಂದು ಮಂದಿಯಲ್ಲಿ ಒಬ್ಬರಾಗಿದ್ದರು.